ಅಕ್ಷಿಪಟದ ಊತಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು

ಚಿಕ್ಕಪೇಟೆಯ ಜವಳಿ ವ್ಯಾಪಾರಿಗೆ ಕಣ್ಣಿನ ಬೆಲೆಯನ್ನು ನಾವು ಬೇರೆ ಹೇಳಬೇಕಾಗಿಲ್ಲ. ಜರಿಯ ಎಳೆಯನ್ನು ಪರೀಕ್ಷಿಸಲೂ ಲೆಕ್ಕದ ಪುಸ್ತಕವನ್ನು ಓದಲೂ ಬೇಕಾದ ಸೂಕ್ಷ್ಮದೃಷ್ಟಿಯು ಅಕ್ಷಿಪಟದ ನಡುವಿನ ಒಂದು ಸಣ್ಣ ಪ್ರದೇಶದಿಂದ ದೊರೆಯತಕ್ಕದ್ದು. ಇದಕ್ಕೆ ಪೀತಬಿಂದುವೆಂದು ಹೆಸರು. ಮಧುಮೇಹವು ಬಹುಕಾಲ ಹತೋಟಿ ತಪ್ಪಿದರೆ ಈ ಭಾಗವು ಊದಿಕೊಳ್ಳಬಹುದು. ಆಗ ನೇರವಾದ ಗೆರೆಯು ಡೊಂಕಾಗಿಯೂ ಅಕ್ಷರಗಳು ಮಸಕಾಗಿಯೂ ತೋರುತ್ತವೆ.

ಊತವೇಕೆ ಉಂಟಾಗುತ್ತದೆ? ಅಕ್ಷಿಪಟದ ಲೋಮನಾಳಗಳ ಗೋಡೆಯಲ್ಲಿ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿರುತ್ತವೆ. ರಕ್ತದಲ್ಲಿ ಸಕ್ಕರೆಯು ವರ್ಷಗಟ್ಟಲೆ ಹೆಚ್ಚಾಗಿದ್ದರೆ ಈ ಬೆಸುಗೆಯು ಸಡಿಲವಾಗುತ್ತದೆ. ದ್ರವವು ಹೊರಕ್ಕೆ ಜಿನುಗಿ ಅಕ್ಷಿಪಟದ ಪದರಗಳಲ್ಲಿ ನಿಲ್ಲುತ್ತದೆ. ಸ್ಟೀರಾಯ್ಡುಗಳು ಉರಿಯೂತವನ್ನು ಹುಟ್ಟಿಸುವ ರಾಸಾಯನಿಕಗಳನ್ನು ತಗ್ಗಿಸಿ, ಬೆಸುಗೆಯನ್ನು ಪುನಃ ಬಿಗಿಗೊಳಿಸುತ್ತವೆ.

ಅಡ್ರಿನಲ್ ಗ್ರಂಥಿಯ ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು 1948ರಲ್ಲಿ ಮೊದಲಿಗೆ ಕೀಲುವಾತದ ರೋಗಿಗೆ ಕೊಡಲಾಯಿತು. ಈ ಕುರಿತ ಸಂಶೋಧನೆಗಳಿಗಾಗಿ ಕೆಂಡಾಲ್, ರೈಕ್‌ಸ್ಟೈನ್ ಮತ್ತು ಹೆಂಚ್ ಎಂಬ ಮೂವರಿಗೆ 1950ರ ನೊಬೆಲ್ ಪಾರಿತೋಷಕವು ದೊರೆಯಿತು. ಹಾಗಾದರೆ ಗುಳಿಗೆ ನುಂಗಿದರೆ ಸಾಲದೆ? ಸಾಲದು. ಸ್ಟೀರಾಯ್ಡ್ ಗುಳಿಗೆಯು ರಕ್ತದ ಸಕ್ಕರೆಯನ್ನೇ ಏರಿಸಿ, ರೋಗದ ಮೂಲವನ್ನು ಬಲಪಡಿಸುತ್ತದೆ. ಆದುದರಿಂದ ಔಷಧವನ್ನು ನೇರವಾಗಿ ಕಣ್ಣಿಗೇ ಸೇರಿಸುವ ವಿಧಾನವು ರೂಢಿಗೆ ಬಂದಿತು.

ಕಣ್ಣಿಗೆ ಅರಿವಳಿಕೆಯ ಹನಿ ಹಾಕಿ, ಅಯೋಡಿನ್ ದ್ರಾವಣದಿಂದ ಶುದ್ಧಿಗೊಳಿಸಿ, ಕಪ್ಪುಗುಡ್ಡೆಯ ಅಂಚಿನಿಂದ ಸುಮಾರು 4 ಮಿಲಿಮೀಟರು ಹಿಂದೆ ಸೂಜಿಯನ್ನು ಚುಚ್ಚುತ್ತಾರೆ. ಅಲ್ಲಿ ಮಸೂರಕ್ಕೂ ಅಕ್ಷಿಪಟಕ್ಕೂ ಪೆಟ್ಟು ತಗಲುವ ಭಯ ಕಡಿಮೆ. ಟ್ರೈಯಾಮ್ಸಿನೊಲೋನ್ ಆದರೆ 0.1 ಮಿಲಿಲೀಟರಿನಲ್ಲಿ 4 ಮಿಲಿಗ್ರಾಂ ವಾಡಿಕೆಯ ಪ್ರಮಾಣ. ಅದರ ಕಣಗಳು ನೀರಿನಲ್ಲಿ ಸುಲಭವಾಗಿ ಕರಗವು. ಕಣ್ಣಿನೊಳಗಿನ ಲೋಳೆಯಲ್ಲಿ ಮೆಲ್ಲಮೆಲ್ಲನೆ ಕರಗುತ್ತ ತಿಂಗಳುಗಟ್ಟಲೆ ಕೆಲಸ ಮಾಡುತ್ತವೆ. ಡೆಕ್ಸಾಮೆಥಸೋನ್ 0.7 ಮಿಲಿಗ್ರಾಂ ತುಂಬಿದ, ತಾನೇ ಕರಗಿಹೋಗುವ ಸಣ್ಣ ಕಡ್ಡಿಯೂ ಈಗ ಬಳಕೆಯಲ್ಲಿದೆ.

ಈ ಲಾಭಕ್ಕೆ ನಾವು ತೆರಬೇಕಾದ ಬೆಲೆಯೂ ಉಂಟು. ಸ್ಟೀರಾಯ್ಡಿನಿಂದ ಮಸೂರದಲ್ಲಿ ಪೊರೆ ಬೆಳೆಯಬಹುದು. ಕಣ್ಣೊಳಗಿನ ನೀರು ಹರಿದುಹೋಗುವ ದಾರಿಗೆ ತಡೆಯಾಗಿ ಒತ್ತಡವು ಏರಬಹುದು; ಅದನ್ನು ಅಲಕ್ಷಿಸಿದರೆ ದೃಷ್ಟಿನರವೇ ಕೆಡುತ್ತದೆ. ಆದಕಾರಣ ಸಾಮಾನ್ಯವಾಗಿ ರಕ್ತನಾಳದ ಬೆಳವಣಿಗೆಯನ್ನು ತಡೆಯುವ ಬೇರೊಂದು ವರ್ಗದ ಚುಚ್ಚುಮದ್ದನ್ನು ಮೊದಲು ಕೊಟ್ಟು, ಅದು ಫಲಿಸದಿದ್ದಲ್ಲಿ ಅಥವಾ ಒಗ್ಗದಿದ್ದಲ್ಲಿ ಸ್ಟೀರಾಯ್ಡನ್ನು ಆರಿಸುತ್ತಾರೆ. ಚುಚ್ಚಿದ ಬಳಿಕ ಕಣ್ಣು ಕೆಂಪೇರಿ, ನೋವು ಹೆಚ್ಚಿ, ದೃಷ್ಟಿ ಕುಂದಿದರೆ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಚಿಕ್ಕಪೇಟೆಯಿಂದ ಸ್ವಲ್ಪವೇ ದೂರದಲ್ಲಿ, 1896ರಲ್ಲಿ ಸ್ಥಾಪಿತವಾದ ಮಿಂಟೊ ಕಣ್ಣಾಸ್ಪತ್ರೆಯಿದೆ. ಅಕ್ಷಿಪಟದ ಊತವು ಆರಂಭದಲ್ಲಿ ನೋವನ್ನು ಕೊಡುವುದಿಲ್ಲ; ನೋವಿಲ್ಲದ ರೋಗಕ್ಕೆ ಯಾರೂ ವೈದ್ಯರನ್ನು ಹುಡುಕಿಕೊಂಡು ಹೋಗುವುದಿಲ್ಲ. ನಮ್ಮ ಮನೆಗಳಲ್ಲಿ ಮಧುಮೇಹಿಗಳಾದ ಹಿರಿಯರಿದ್ದರೆ, ವರ್ಷಕ್ಕೊಮ್ಮೆಯಾದರೂ ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟದ ಪರೀಕ್ಷೆ ಮಾಡಿಸುವಂತೆ ಅವರನ್ನು ಒಡಂಬಡಿಸುವುದು ವಿದ್ಯಾರ್ಥಿಗಳಿಂದ ಆಗಬಹುದಾದ ಕೆಲಸ.