ಗಾನತಟ್ಟೆಗೆ ತಕ್ಕ ಮುಳ್ಳು

ಗ್ರಾಮಫೋನ್ ತಟ್ಟೆಗಳ ಕಾಲ ಮುಗಿದುಹೋಯಿತೆಂದು ಜನರು ಒಮ್ಮೆ ಭಾವಿಸಿದ್ದುಂಟು. ಆದರೆ ಈಚಿನ ವರ್ಷಗಳಲ್ಲಿ ಅವು ಮರಳಿ ಮನೆಗಳನ್ನು ಸೇರುತ್ತಿವೆ. ಮಧ್ಯಮ ಬೆಲೆಯ ಟರ್ನ್‌ಟೇಬಲೊಂದನ್ನು ಕೊಂಡವರಿಗೆ ಕೆಲವು ತಿಂಗಳಲ್ಲೇ ಒಂದು ಆಸೆ ಹುಟ್ಟುತ್ತದೆ: ಯಂತ್ರದೊಡನೆ ಬಂದ ಕಾರ್ಟ್ರಿಜ್ಜನ್ನು ತೆಗೆದು ಇನ್ನೂ ಉತ್ತಮವಾದುದನ್ನು ಕೂಡಿಸಬೇಕೆಂದು. ಆಸೆ ಸಹಜವೇ. ಆದರೆ ಬೆಲೆ ಹೆಚ್ಚಿದಷ್ಟೂ ನಾದ ಇಂಪಾಗುತ್ತದೆಂಬ ನಿಯಮ ಇಲ್ಲಿಲ್ಲ. ತಪ್ಪು ಆಯ್ಕೆಯಿಂದ ಹಣ ಹೋಗುವುದು ಸಣ್ಣ ನಷ್ಟ. ಮತ್ತೆಲ್ಲೂ ದೊರೆಯದ ತಟ್ಟೆಯೊಂದರ ಗೀರು ಸವೆದುಹೋದರೆ ಅದನ್ನು ತುಂಬಿಕೊಡುವವರಿಲ್ಲ. ಆದುದರಿಂದ, ಆರಿಸುವುದಕ್ಕೆ ಮೊದಲು ಮುಳ್ಳು ಮಾಡುವ ಕೆಲಸವೇನೆಂಬುದನ್ನು ನಾವು ತಿಳಿಯೋಣ.

ಮುಳ್ಳಿನ ಕೆಲಸ

1948ರಲ್ಲಿ ಅಮೆರಿಕದ ಕೊಲಂಬಿಯ ಸಂಸ್ಥೆಯು ಹೊರತಂದ ದೀರ್ಘವಾದನದ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಸಂಗೀತದ ಕಂಪನಗಳು ಅದರ ಗೀರಿನ ಗೋಡೆಗಳ ಮೇಲೆ ಅಲೆಯಲೆಯಾಗಿ ಮೂಡಿರುತ್ತವೆ. ಸ್ಟೀರಿಯೊ ತಟ್ಟೆಯಲ್ಲಿ ಒಂದು ಗೋಡೆ ಎಡಬದಿಯ ನಾದಕ್ಕೆ, ಇನ್ನೊಂದು ಬಲಬದಿಯ ನಾದಕ್ಕೆ ಮೀಸಲು. ವಜ್ರದ ಮೊನೆ ಈ ಅಲೆಗಳನ್ನು ಅನುಸರಿಸಿ ಅಲುಗಿದಾಗ, ಅದನ್ನು ಹೊತ್ತ ಪುಟ್ಟ ಕಡ್ಡಿಯ ಇನ್ನೊಂದು ಕೊನೆಯಲ್ಲಿರುವ ಕಾಂತವೂ ಅಲುಗುತ್ತದೆ. ಬಳಿಯಲ್ಲಿರುವ ತಂತಿಸುರುಳಿಗಳಲ್ಲಿ ಆಗ ವಿದ್ಯುತ್ತು ಹುಟ್ಟುತ್ತದೆ. ಇದು ಚಲಿಸುವ ಕಾಂತದ ಬಗೆ. ಕಾಂತ ನಿಶ್ಚಲವಾಗಿದ್ದು ಸುರುಳಿಯೇ ಅಲುಗಿದರೆ ಅದು ಚಲಿಸುವ ಸುರುಳಿಯ ಬಗೆ.

ಮೊದಲನೆಯ ಬಗೆಯಿಂದ ಸಾಮಾನ್ಯವಾಗಿ 3ರಿಂದ 5 ಮಿಲಿವೋಲ್ಟುಗಳಷ್ಟು ವಿದ್ಯುತ್ತು ದೊರೆಯುತ್ತದೆ. ಎರಡನೆಯದರಿಂದ ಬಹುಮಟ್ಟಿಗೆ ಅರ್ಧ ಮಿಲಿವೋಲ್ಟಿಗೂ ಕಡಮೆ. ಸಾಧಾರಣ ಆಂಪ್ಲಿಫೈಯರುಗಳಲ್ಲಿ ಫೋನೋ ತಂತಿಯನ್ನು ಜೋಡಿಸುವ ಕಡೆ ಇರುವ ವರ್ಧನೆ ಮೊದಲನೆಯ ಬಗೆಗೆ ಮಾತ್ರ ಸಾಲುತ್ತದೆ. ಅಲ್ಲದೆ, ಸುರುಳಿಯ ಬಗೆಯಲ್ಲಿ ಮುಳ್ಳು ಸವೆದರೆ ಅದನ್ನಷ್ಟೇ ಮನೆಯಲ್ಲಿ ಬದಲಿಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಆದುದರಿಂದ ಮಧ್ಯಮ ಬೆಲೆಯ ಯಂತ್ರವುಳ್ಳವರಿಗೆ ಕಾಂತದ ಬಗೆಯೇ ಅನುಕೂಲ.

ಮೊನೆಯ ಆಕಾರ

ತಟ್ಟೆಯ ಹೊರ ಅಂಚಿನಲ್ಲಿ ಗೀರು ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ವೇಗದಿಂದ ಮುಳ್ಳಿನಡಿ ಸರಿಯುತ್ತದೆ. ಕೊನೆಯ ಹಾಡಿನ ಹೊತ್ತಿಗೆ ಸುತ್ತು ಚಿಕ್ಕದಾಗಿ, ವೇಗ ಸುಮಾರು 21 ಸೆಂಟಿಮೀಟರಿಗೆ ಇಳಿದಿರುತ್ತದೆ. ಸೆಕೆಂಡಿಗೆ 10,000 ಕಂಪನಗಳ ಸ್ವರವೊಂದರ ಅಲೆ ಹೊರಗಡೆ 51 ಮೈಕ್ರಾನ್ ಉದ್ದವಿದ್ದರೆ ಒಳಗಡೆ 21 ಮೈಕ್ರಾನ್ ಮಾತ್ರ. (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್.) ಅಗ್ಗದ ಮುಳ್ಳಿನ ದುಂಡು ಮೊನೆಯ ತ್ರಿಜ್ಯ ಸುಮಾರು 15ರಿಂದ 18 ಮೈಕ್ರಾನ್. ದೊಡ್ಡ ಗಾಲಿಯೊಂದು ಸಣ್ಣ ಹಳ್ಳದ ತಳವನ್ನು ಮುಟ್ಟದೆ ಉರುಳಿಹೋಗುವಂತೆ, ಈ ಮೊನೆ ಒತ್ತಾದ ಅಲೆಗಳನ್ನು ಮುಟ್ಟದೆ ಸರಿದುಹೋಗುತ್ತದೆ. ಕೊನೆಯ ಹಾಡಿನಲ್ಲಿ ಗಾಯಕರ ‘ಸ’ಕಾರ ಸಿಡಿದಂತೆ ಕೇಳುವುದಕ್ಕೆ ಇದೂ ಒಂದು ಕಾರಣ. ಅಂಡಾಕಾರದ ಮೊನೆಯ ಪಕ್ಕದ ತ್ರಿಜ್ಯ ಸುಮಾರು 8 ಮೈಕ್ರಾನ್. ಮೈಕ್ರೋಲೀನಿಯರ್ ಎಂಬ ಸೂಕ್ಷ್ಮ ಮೊನೆಯದು ಸುಮಾರು 3 ಮೈಕ್ರಾನ್.

ಸೂಕ್ಷ್ಮ ಮೊನೆಗೆ ಬಾಳಿಕೆಯೂ ಹೆಚ್ಚು. ಜಪಾನಿನ ಆಡಿಯೋ-ಟೆಕ್ನಿಕ ಸಂಸ್ಥೆಯು ಅಂಡಾಕಾರದ ಮೊನೆಗೆ ಸುಮಾರು 300 ಗಂಟೆ, ಮೈಕ್ರೋಲೀನಿಯರ್ ಮೊನೆಗೆ ಸುಮಾರು 1,000 ಗಂಟೆ ಆಯುಸ್ಸನ್ನು ಸೂಚಿಸುತ್ತದೆ. ದಿನಕ್ಕೆ 40 ನಿಮಿಷದ ಒಂದು ತಟ್ಟೆಯನ್ನು ನುಡಿಸಿದರೆ ಮೊದಲನೆಯದು 450 ದಿನಗಳಲ್ಲಿ ಸವೆಯುತ್ತದೆ. ಎರಡನೆಯದು 1,500 ದಿನ ಬಾಳುತ್ತದೆ. ಬೆಲೆಯನ್ನು ಗಂಟೆಗಳಿಂದ ಭಾಗಿಸಿ ನೋಡಿದ ಮೇಲೆಯೇ ಯಾವುದು ದುಬಾರಿಯೆಂದು ಹೇಳಬೇಕು.

ಇಡೀ ಕಾರ್ಟ್ರಿಜ್ಜನ್ನೇ ಬದಲಿಸಬೇಕೆಂದೂ ಇಲ್ಲ. ಇದೇ ಸಂಸ್ಥೆಯ ವಿಎಂ95 ಸಾಲಿನಲ್ಲಿ ಕಾರ್ಟ್ರಿಜ್ಜಿನ ಒಡಲು ಒಂದೇ. ಅಂಡಾಕಾರದ ಮುಳ್ಳನ್ನು ಎಳೆದು ತೆಗೆದು, ಅಲ್ಲಿಗೇ ಸೂಕ್ಷ್ಮ ಮೊನೆಯ ಮುಳ್ಳನ್ನು ಸಿಕ್ಕಿಸಬಹುದು. ಡೆನ್ಮಾರ್ಕಿನ ಆರ್ಟೋಫಾನ್ ಸಂಸ್ಥೆಯ 2ಎಂ ರೆಡ್ ಕಾರ್ಟ್ರಿಜ್ಜಿಗೆ 2ಎಂ ಬ್ಲೂ ಮುಳ್ಳು ಹೊಂದುವುದೂ ಹೀಗೆಯೇ.

ತೋಳಿನೊಡನೆ ಹೊಂದಿಕೆ

ಬೇರೆ ಕಾರ್ಟ್ರಿಜ್ಜನ್ನೇ ಕೊಳ್ಳುವುದಾದರೆ ಒಂದು ಲೆಕ್ಕವನ್ನು ಮಾಡಲೇಬೇಕು. ಮುಳ್ಳಿನ ಕಡ್ಡಿ ಸ್ಪ್ರಿಂಗಿನಂತೆ ಬಳುಕುತ್ತದೆ; ತೋಳೂ ಕಾರ್ಟ್ರಿಜ್ಜೂ ಆ ಸ್ಪ್ರಿಂಗಿಗೆ ಸೇರಿದ ಭಾರ. ಇಂಥ ಜೋಡಣೆಗೆ ತನ್ನದೇ ಆದ ಒಂದು ಕಂಪನಸಂಖ್ಯೆಯುಂಟು. ಅದು ಸೆಕೆಂಡಿಗೆ 8ರಿಂದ 12ರ ನಡುವೆ ಇರಬೇಕು. ಅದಕ್ಕಿಂತ ಇಳಿದರೆ, ಡೊಂಕಾದ ತಟ್ಟೆಯ ಏರಿಳಿತಗಳು ತೋಳನ್ನು ಕುಣಿಸುತ್ತವೆ. ಬಹಳ ಏರಿದರೆ ಸಂಗೀತದ ಮಂದ್ರಸ್ವರಗಳೇ ಕೆಡುತ್ತವೆ.

ತೋಳಿನ ಪರಿಣಾಮಕಾರಿ ರಾಶಿಗೆ ಕಾರ್ಟ್ರಿಜ್ಜು ಮತ್ತು ತಿರುಪುಗಳ ತೂಕವನ್ನು ಗ್ರಾಮುಗಳಲ್ಲಿ ಕೂಡಿಸಿ, ಮುಳ್ಳಿನ ನಮ್ಯತೆಯಿಂದ ಗುಣಿಸಿ, ಬಂದುದರ ವರ್ಗಮೂಲದಿಂದ 159ನ್ನು ಭಾಗಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಒಂದು ಡೈನ್ ಬಲಕ್ಕೆ ಮುಳ್ಳು ಸೆಂಟಿಮೀಟರಿನ ಎಷ್ಟು ದಶಲಕ್ಷಾಂಶ ಬಾಗುತ್ತದೆಂಬುದೇ ನಮ್ಯತೆಯ ಅಳತೆ. ತೋಳು 12 ಗ್ರಾಂ, ಕಾರ್ಟ್ರಿಜ್ಜು ಮತ್ತು ತಿರುಪು 8 ಗ್ರಾಂ, ನಮ್ಯತೆ 12 ಆದರೆ ಉತ್ತರ ಸುಮಾರು 10, ಹೊಂದಿಕೆ ಸರಿಯಾಯಿತು. ಅದೇ ತೋಳಿಗೆ ಅಷ್ಟೇ ತೂಕದ, 30 ನಮ್ಯತೆಯ ದುಬಾರಿ ಕಾರ್ಟ್ರಿಜ್ಜನ್ನು ಕೂಡಿಸಿದರೆ ಉತ್ತರ 6.5ಕ್ಕೆ ಇಳಿಯುತ್ತದೆ, ಕೊಟ್ಟ ಹಣ ವ್ಯರ್ಥ. ಆದರೆ ಒಂದು ಎಚ್ಚರಿಕೆ: ಜಪಾನಿನ ಸಂಸ್ಥೆಗಳು ನಮ್ಯತೆಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 100 ಕಂಪನಗಳಲ್ಲಿ ಅಳೆದು ಹೇಳುತ್ತವೆ. ನಮ್ಮ ಲೆಕ್ಕಕ್ಕೆ ಅದನ್ನು ಒಂದೂವರೆಯಿಂದ ಎರಡರಷ್ಟು ಮಾಡಿಕೊಳ್ಳಬೇಕು.

ಭಾರದ ವಿಷಯ

ಮುಳ್ಳಿನ ಭಾರವನ್ನು ಕಡಮೆ ಮಾಡಿದರೆ ತಟ್ಟೆ ಸವೆಯದೆಂದು ಅನೇಕರು ನಂಬಿದ್ದಾರೆ. ಎರಡೇ ಗ್ರಾಂ ಭಾರವೂ ಕೆಲವೇ ಮೈಕ್ರಾನುಗಳಗಲದ ಜಾಗದ ಮೇಲೆ ಬಿದ್ದಾಗ, ಒತ್ತಡ ಚದರ ಸೆಂಟಿಮೀಟರಿಗೆ ಸಾವಿರ ಕಿಲೋಗ್ರಾಮನ್ನು ಮೀರುತ್ತದೆಂಬುದು ನಿಜ. ಆದರೆ ತಯಾರಕರು ಹೇಳಿದುದಕ್ಕಿಂತ ಭಾರ ಕಡಮೆಯಾದರೆ, ಮೊನೆ ಗೋಡೆಯನ್ನು ಬಿಟ್ಟು ನೆಗೆದು, ಮರಳಿ ಬಂದು ಅದಕ್ಕೆ ಬಡಿಯುತ್ತದೆ. ಈ ಪೆಟ್ಟಿನಿಂದ ಆಗುವ ಹಾನಿ ಒತ್ತಡದಿಂದಾಗುವ ಸವಕಳಿಗಿಂತ ಕೆಟ್ಟದು. ಪುಟ್ಟ ತಕ್ಕಡಿಯೊಂದರಿಂದ ಅಳೆದು, ಸೂಚಿಸಿದಷ್ಟೇ ಭಾರವನ್ನು ಇಡತಕ್ಕದ್ದು.

ಹಿರಿಯರು ಉಳಿಸಿದ 78 ಸುತ್ತಿನ ಅರಗಿನ ತಟ್ಟೆಗಳು ಮನೆಯಲ್ಲಿದ್ದರೆ, ಅವುಗಳ ಮೇಲೆ ಈ ಮುಳ್ಳನ್ನು ಇಡಲೇಬಾರದು. ಅವುಗಳ ಅಗಲವಾದ ಗೀರಿಗೆ ಸುಮಾರು 75 ಮೈಕ್ರಾನ್ ತ್ರಿಜ್ಯದ ಬೇರೆ ಮುಳ್ಳೇ ಬೇಕು.

ಹೀಗೆ ಮೊದಲು ಮೊನೆ, ಬಳಿಕ ತೋಳಿನ ಲೆಕ್ಕ, ಕೊನೆಗೆ ಭಾರ, ಎಂಬ ಕ್ರಮದಲ್ಲಿ ನಡೆದವರು ಮೋಸಹೋಗಲಾರರು. ಹೊಸ ಮುಳ್ಳನ್ನು ಕೂಡಿಸಿದ ದಿನದಿಂದ ನುಡಿಸಿದ ಗಂಟೆಗಳನ್ನು ಒಂದು ಚೀಟಿಯಲ್ಲಿ ಗುರುತು ಹಾಕುತ್ತ ಬರಬೇಕು. ಸವೆದ ಮುಳ್ಳು ಕಿವಿಗೆ ತಿಳಿಯುವುದಕ್ಕೆ ಮೊದಲೇ ತಟ್ಟೆಯನ್ನು ಕೆಡಿಸತೊಡಗಿರುತ್ತದೆ.