ತಂದೆಯ ಅಂಕಣ ಖಾಲಿ ಉಳಿದಾಗ

ಮಹಾಂತೇಶ ನಗರದಲ್ಲಿ ಬೋಧನಾಭ್ಯಾಸದ ವೇಳೆ 10ನೇ ತರಗತಿಗೆ ‘ಅನುವಂಶೀಯತೆ’ ಪಾಠ ಮಾಡಿದೆ. ತಂದೆ, ತಾಯಿಯ ಕಿವಿಹಾಲೆ ಅಂಟಿದೆಯೋ ಬಿಡಿಯಾಗಿದೆಯೋ ಬರೆದು ತರಲು ಹೇಳಿದ್ದೆ. ಒಬ್ಬ ವಿದ್ಯಾರ್ಥಿನಿ ತಂದೆಯ ಅಂಕಣ ಖಾಲಿ ಬಿಟ್ಟಿದ್ದಳು. ಎಲ್ಲರೆದುರು ಕಾರಣ ಕೇಳಿದೆ. ಅವಳು ತಲೆ ತಗ್ಗಿಸಿದಳು. ಕಾರಣ ಏನೇ ಇರಲಿ, ತಪ್ಪು ನನ್ನದು.

ತಂದೆಯ ಹೆಸರಿನ ಈ ಪ್ರಶ್ನೆ ನಮ್ಮ ಜಿಲ್ಲೆಯ ದೇವದಾಸಿ ತಾಯಂದಿರ ಮಕ್ಕಳಿಗೆ ಹೊಸದಲ್ಲ. ಆ ಪದ್ಧತಿಯಿಂದ ಹೊರಬಂದ ಮಹಿಳೆಯರೇ 1997ರಿಂದ ಘಟಪ್ರಭಾದಲ್ಲಿ ‘ಮಾಸ್’ ಸಂಸ್ಥೆ ನಡೆಸುತ್ತಿದ್ದಾರೆ. ಸ್ವಸಹಾಯ ಸಂಘ ಕಟ್ಟಿದರು, ಮಕ್ಕಳ ಓದಿಗೆ ನಿಂತರು, 1982ರ ನಿಷೇಧ ಕಾಯ್ದೆ ಹಿಡಿದು ಹೊಸ ಸಮರ್ಪಣೆ ತಡೆಯಲು ದುಡಿದರು. ಸಂಸ್ಥೆಯ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅವರು ಶಾಲೆಯ ಬಾಗಿಲಿಗೆ ತಂದ ಮಗುವನ್ನು ನಮ್ಮ ಒಂದು ಅಂಕಣ ಹೊರಗಿಡಬಾರದು.

ಮರುಪಾಠದಲ್ಲಿ ತರಗತಿಯ ಕಿವಿಹಾಲೆಗಳನ್ನಷ್ಟೇ ಎಣಿಸಿ ಭಿನ್ನತೆ ಗುರುತಿಸಿದೆವು. ಅನುವಂಶೀಯತೆಗೆ ಮೆಂಡಲ್‌ನ ಬಟಾಣಿ ಗಿಡ ಸಾಕಾಯಿತು. ಆ ದಿನ ಅವಳೂ ಕೈ ಎತ್ತಿದಳು.