ಕುರಿಮರಿಗಳ ಮಿದುಳಿನ ನೀರುಗುಳ್ಳೆಯೂ ವಯಸ್ಸಿನ ವಿಚಾರವೂ

ಸುಗ್ಗಿ ಮುಗಿದ ತರುವಾಯ ಹೊಲದಲ್ಲಿ ಕುರಿ ತರುಬಿಸುವ ಹುಲಗೂರು ಸೀಮೆಯ ಜಮೀನುದಾರರು ಈ ನೋಟವನ್ನು ಕಂಡಿರಬಹುದು: ಮರಿಯೊಂದು ತಲೆಯನ್ನು ಓರೆ ಮಾಡಿ, ಗಾಣದ ಎತ್ತಿನಂತೆ ಒಂದೇ ಕಡೆಗೆ ಸುತ್ತುತ್ತ, ಮೇವು ಬಿಟ್ಟು ಸೊರಗಿ ಸಾಯುವುದು. ಇದನ್ನು ಗಾಳಿಸೋಂಕೆಂದು ಎಣಿಸಿ ಬರೆ ಹಾಕುವವರುಂಟು. ಅದರಿಂದ ಮರಿಗೆ ನೋವಲ್ಲದೆ ಗುಣವಿಲ್ಲ.

ಇಂಥ ಮರಿಯ ತಲೆಯನ್ನು ಒಡೆದು ನೋಡಿದರೆ ಮಿದುಳಿನಲ್ಲಿ ನೀರು ತುಂಬಿದ ಗುಳ್ಳೆಯು ಕಾಣುವುದು. ಅದರ ಒಳಮೈಗೆ ಅಂಟಿದ, ನುಚ್ಚಿನಂಥ ಬಿಳಿಯ ಕಣ ಒಂದೊಂದೂ ಲಾಡಿಹುಳುವಿನ ಒಂದೊಂದು ತಲೆಯಾಗಿದೆ. ಆದುದರಿಂದ ಇದು ನಿಜವಾದ ಗಡ್ಡೆಯಲ್ಲ.

ರೋಗವು ಯಾರಿಗೆ ಬರುವುದೆಂದು ವಿಚಾರಿಸಿದರೆ ಕಾರಣವೂ ಹೊರಬೀಳುವುದು. ಮನುಷ್ಯರಲ್ಲಿ ಮಿದುಳಿನ ಗಡ್ಡೆಗಳು ಮಕ್ಕಳಿಗೂ ಆಗುವುವಾದರೂ, ಒಟ್ಟಿನಲ್ಲಿ ವಯಸ್ಸು ಏರಿದಂತೆ ಹೆಚ್ಚುವುವು. ಮಿದುಳಿನ ಪೊರೆಯಲ್ಲಿ ಹುಟ್ಟುವವು ಹೆಂಗಸರಲ್ಲಿಯೂ, ಗ್ಲಯೋಮಾ ಎಂಬವು ಗಂಡಸರಲ್ಲಿಯೂ ಅಧಿಕ. ಕುರಿಗಳ ಈ ಗುಳ್ಳೆಯಲ್ಲಿ ಕ್ರಮವು ತಲೆಕೆಳಗು. ಆರು ತಿಂಗಳಿಂದ ಎರಡು ವರ್ಷದೊಳಗಿನವೇ ಹೆಚ್ಚಾಗಿ ಬೀಳುವುವು. ಬಾಯಿಗೂಡಿದ ಕುರಿಗೆ ವಿರಳ. ಏಕೆಂದರೆ ಹುಳುವಿನ ಮೊಟ್ಟೆಗಳು ನಾಯಿಯ ಮಲದಿಂದ ಹುಲ್ಲಿಗೆ ಸೇರುವುವು. ಹೊಸದಾಗಿ ಮೇಯತೊಡಗಿದ ಮರಿಗೆ ಅವುಗಳನ್ನು ತಡೆಯುವ ಶಕ್ತಿಯಿರುವುದಿಲ್ಲ, ಹಳೆಯ ಕುರಿಗೆ ಅದು ಬಂದಿರುತ್ತದೆ. ಬಲಿತ ಕುರಿಯು ಫಕ್ಕನೆ ಸುತ್ತತೊಡಗಿದರೆ ಬೇರೆ ರೋಗವನ್ನು ಶಂಕಿಸಿ ಪಶುವೈದ್ಯರನ್ನು ಕರೆಯತಕ್ಕದ್ದು.

ನಾಯಿಗೂ ಕುರಿಗೂ ಇರುವ ಈ ಸಂಬಂಧವನ್ನು ಜರ್ಮನಿಯ ವೈದ್ಯ ಕುಕೆನ್‌ಮೈಸ್ಟರನು 1850ರ ದಶಕದಲ್ಲಿಯೇ ಪ್ರಯೋಗದಿಂದ ತೋರಿಸಿದನು. ರೋಗವು ಕುರಿಯಿಂದ ಕುರಿಗೆ ಅಂಟುವುದಿಲ್ಲ. ಇಂದು ಸುತ್ತುವ ಮರಿಯು ಮೊಟ್ಟೆಯನ್ನು ನುಂಗಿದ್ದು ಸಾಮಾನ್ಯವಾಗಿ ಎರಡರಿಂದ ಆರು ತಿಂಗಳ ಹಿಂದೆ. ಸಂಚಾರದ ಹಿಂಡಾದರೆ ಆಗ ಅದು ಬೇರೊಂದು ಊರಿನಲ್ಲಿದ್ದಿರಬಹುದು; ಆದ್ದರಿಂದ ಈಗಿನ ಹೊಲದವರನ್ನು ದೂರುವುದು ನ್ಯಾಯವಲ್ಲ. ಆದರೆ ಹಿಂಡಿನ ಸಂಗಡ ತಿರುಗುವ ಕಾವಲು ನಾಯಿಯನ್ನು ಮಾತ್ರ ಮರೆಯಬಾರದು.

ಹಿಂದೊಮ್ಮೆ ನಾನೇ ಸತ್ತ ಮರಿಯನ್ನು ಊರಾಚೆ ಎಸೆಯಹೇಳಿದ್ದೆನು. ಮರುದಿನ ನಾಯಿಗಳು ಅದರ ತಲೆಯನ್ನು ಕಚ್ಚಾಡುತ್ತಿದ್ದುದನ್ನು ಕಂಡು ನಾಚಿದೆನು. ತಲೆಯನ್ನು ಸುಡಬೇಕು, ಇಲ್ಲವೆ ನಾಯಿಗಳು ತೋಡದಷ್ಟು ಆಳದಲ್ಲಿ ಹುಗಿಯಬೇಕು. ಹಬ್ಬ, ಜಾತ್ರೆ, ಉರುಸುಗಳಲ್ಲಿ ಕೊಯ್ದ ಕುರಿಗಳ ಹಸಿ ತಲೆಗಳಿಗೂ ಇದೇ ನಿಯಮ. ಅದಕ್ಕಾಗಿ ಮುಚ್ಚಳವುಳ್ಳ ಗುಂಡಿಯನ್ನು ಊರ ಹಿರಿಯರು ಮೊದಲೇ ತೋಡಿಸಿಡುವುದು ಲೇಸು.

ನಾಯಿಗಳಿಗೆ ಪಶುವೈದ್ಯರ ಸಲಹೆಯಂತೆ, ತೂಕಕ್ಕೆ ತಕ್ಕಷ್ಟು ಪ್ರಾಜಿಕ್ವಾಂಟೆಲ್ ಗುಳಿಗೆಯನ್ನು ಕೊಡಿಸಿ, ಎರಡು ಮೂರು ದಿನ ಕಟ್ಟಿಹಾಕಿ, ಮಲವನ್ನು ಸುಡತಕ್ಕದ್ದು. ಹಸಿ ತಲೆ ತಿಂದ ನಾಯಿಯು ಸುಮಾರು ಆರು ವಾರಗಳಲ್ಲಿ ಮತ್ತೆ ಮೊಟ್ಟೆಗಳನ್ನು ಹರಡಬಲ್ಲದು. ಆದುದರಿಂದ ತಲೆ ಎಸೆಯುವುದು ನಿಲ್ಲದೆ ಒಮ್ಮೆ ಕೊಟ್ಟ ಗುಳಿಗೆಯು ಸಾಲದು. ಮನುಷ್ಯರಿಗೂ ಅಪರೂಪವಾಗಿ ಈ ಗುಳ್ಳೆಯಾಗುವುದುಂಟು. ನಾಯಿಯನ್ನು ಮುಟ್ಟಿದ ಕೈಗಳನ್ನು ತೊಳೆಯದೆ ಉಣ್ಣಬಾರದು.

ಗುಳ್ಳೆ ಬಲಿತ ಮರಿಯ ತಲೆಬುರುಡೆಯು ಕೆಲವೊಮ್ಮೆ ಒಂದು ಕಡೆ ಮೆತ್ತಗಾಗಿರುವುದು. ಅಂಥಲ್ಲಿ ಪಶುವೈದ್ಯರು ಶಸ್ತ್ರಚಿಕಿತ್ಸೆಯಿಂದ ಗುಳ್ಳೆಯನ್ನು ತೆಗೆಯಬಲ್ಲರು. ಬೆಲೆಬಾಳುವ ಟಗರುಮರಿಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯುವುದು.